ಹಕ್ಕರಕಿಗೆ ಬೆಳವಲಹಣ್ಣಿನ ರಸ

ದತ್ತಪ್ಪ ಎರಡನೆಯ ಹೆಂಡತಿ ಹೀರಾಬಾಯಿಯನ್ನು ತಂದಾಗ ಹಿರೋಳ್ಳಿಯ ಹಿರಿಯರು ಕೂತು ನ್ಯಾಯವಾಗಿ ಒಂದು ತೀರ್ಮಾನ ಮಾಡಿದ್ದರು: ಅವನು ಇರುವುದು ಹೊಸ ಹೆಂಡತಿಯ ಮನೆಯಲ್ಲಿ, ಬುಧವಾರದ ಮಧ್ಯಾಹ್ನದ ಊಟ ಮಾತ್ರ ಮೊದಲ ಹೆಂಡತಿ ದ್ರೌಪದಿಯ ಮನೆಯಲ್ಲಿ. ಮರುಮದುವೆಗೆ ಕಾರಣ ಮಕ್ಕಳಾಗದ್ದು. ಮೂರು ವರ್ಷವಾದರೂ ಹೀರಾಬಾಯಿಗೂ ಮಕ್ಕಳಾಗಿರಲಿಲ್ಲ. ಆದರೆ ಆ ಕಾರಣವನ್ನು ಈಗ ಊರಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದ ಆ ಚಳಿಗಾಲದಲ್ಲಿ ದತ್ತಪ್ಪ ಎರಡು ಬುಧವಾರ ತಪ್ಪಿಸಿದ. ಒಮ್ಮೆ ಆಳಂದದಲ್ಲಿ ಕಚೇರಿ ಕೆಲಸವೆಂದ. ಇನ್ನೊಮ್ಮೆ ಏನನ್ನೂ ಹೇಳಿ ಕಳಿಸಲಿಲ್ಲ. ಮೂರನೆಯದೂ ತಪ್ಪಿದರೆ ಅದೇ ರೂಢಿಯಾಗುತ್ತದೆಂದು ದ್ರೌಪದಿಗೆ ಗೊತ್ತಿತ್ತು. ಹಿರಿಯರ ತೀರ್ಮಾನಗಳು ಹೆಚ್ಚಾಗಿ ಹೀಗೆಯೇ, ಯಾರೂ ಮುರಿಯದೆ, ಮುಗಿದುಹೋಗುತ್ತವೆ.

ಈ ಸಲ ಖಂಡಿತ ಬರಬೇಕೆಂದು ಹೇಳಿ ಕಳಿಸಿ, ಅವನಿಗೆ ಇಷ್ಟವಾದ ಹಸಿಸೊಪ್ಪಿನ ಪಚಡಿಗೆ ಕೈಹಾಕಿದಳು. ಜೋಳದ ಹೊಲದಿಂದ ಎಳೆ ಹಕ್ಕರಕಿ ಸೊಪ್ಪು ಕಿತ್ತು ತಂದು, ತೊಳೆದು, ಬಟ್ಟೆಯ ಮೇಲೆ ಹರವಿದಳು. ಎರಡು ಬೆಳವಲಹಣ್ಣನ್ನು ಒರಳಕಲ್ಲಿಗೆ ಕುಟ್ಟಿ ಒಡೆದು, ತಿರುಳನ್ನು ಬೆಲ್ಲದ ನೀರಲ್ಲಿ ಕಿವುಚಿ, ಬೀಜ ನಾರು ಹೋಗುವಂತೆ ಸೋಸಿದಳು. ಉಪ್ಪು, ಹುರಿದ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಕುಸುಬಿ ಎಣ್ಣೆಯನ್ನು ಸಣ್ಣಗೆ ಬಿಡುತ್ತ, ರಸ ಮಂದವಾಗುವ ತನಕ ಕಡೆದಳು. ದತ್ತಪ್ಪ ತಾಟಿನ ಮುಂದೆ ಕೂತ ಮೇಲೆಯೇ ಅದನ್ನು ಸೊಪ್ಪಿನ ಮೇಲೆ ಸುರಿದಳು. ಮೊದಲೇ ಸುರಿದರೆ ಎಲೆ ಬಾಡುತ್ತದೆ. ಅವಳ ಪಚಡಿ ಹೆಸರಾದದ್ದೇ ಎಲೆಯ ಗರಿಗರಿತನಕ್ಕೆ.

ಅವನು ಬಹಳ ನಿಧಾನವಾಗಿ ಉಂಡ. ಅದನ್ನು ಅವಳು ರುಚಿಯೆಂದು ತಿಳಿದಳು.

“ರಸ ಭಾಳ ಛಲೋ ಆಗೇದ,” ಎಂದ ಬೆರಳು ನೆಕ್ಕುತ್ತ. “ಹೀರಾಗ ಇದನ್ನೊಂದು ಕಲಿಸಿಬಿಡು. ನಾ ಬುಧವಾರದ ತನಕ ಕಾಯೋದು ತಪ್ಪತದ.”

ಹೀರಾಬಾಯಿ ಮರುದಿನವೇ ಹಣ್ಣು ಹಿಡಿದುಕೊಂಡು ಬಂದಳು. ಅಳತೆಯಲ್ಲಿ ಮೋಸ ಮಾಡಬೇಕೆಂದು ದ್ರೌಪದಿ ರಾತ್ರಿಯೇ ನಿಶ್ಚಯಿಸಿದ್ದಳು. ಆದರೆ ಕೈ ಒಪ್ಪಲಿಲ್ಲ, ಬೆಲ್ಲ ಉಪ್ಪು ಎಲ್ಲ ಸರಿಯಾಗಿಯೇ ಬಿತ್ತು. ಕೊನೆಗೆ ಬಾಯಿ ನೆರವಿಗೆ ಬಂತು. ರಸವನ್ನು ಉಣ್ಣುವ ಒಂದು ತಾಸು ಮೊದಲೇ ಸೊಪ್ಪಿಗೆ ಹಾಕಿಡಬೇಕೆಂದು ಹೇಳಿ, ಮರೆಯಬೇಡವೆಂದು ಎರಡು ಸಲ ಎಚ್ಚರಿಸಿದಳು.

ಮುಂದಿನ ಬುಧವಾರ ಎರಡರ ಬದಲು ಮೂರು ಹಣ್ಣು ಒಡೆದು ಕಾದಳು. ಹೊತ್ತು ನೆತ್ತಿಯಿಂದ ಇಳಿದ ಮೇಲೆ, ಮುಚ್ಚಿದ ಬಟ್ಟಲಲ್ಲಿ ಪಚಡಿ ಹಿಡಿದು ಬಂದವಳು ಹೀರಾಬಾಯಿ. ಅವರು ಊಟ ಮಾಡಿ ಮಲಗಿದ್ದಾರೆಂದು ಹೇಳಿದಳು.

“ನಿಮ್ಮಿಂದ ಭಾಳ ಉಪಕಾರ ಆತ್ರಿ ಅಕ್ಕಾ. ನೀವು ಹೇಳಿದಂಗ ಮೊದಲ ರಸ ಹಾಕಿಟ್ಟೆ. ಎಲಿ ಮೆತ್ತಗಾಗಿ ಅವರಿಗೆ ತಿನ್ನಾಕ ಬಂತು. ದವಡಿ ಹಲ್ಲು ತೆಗಸಿದಾಗಿಂದ ಗಟ್ಟಿದ್ದೆಲ್ಲಾ ಅಗಿಯಾಕಾಗದ ನಿಧಾನಕ ನುಂಗತಿದ್ರು.”

ದ್ರೌಪದಿ ಬಟ್ಟಲಿನ ಮುಚ್ಚಳ ತೆಗೆದು ನೋಡಿದಳು.

“ದೀಪಾವಳಿಗೇ ತೆಗಸ್ಯಾರಲ್ರಿ. ನಿಮಗ ಹೇಳಿಲ್ಲೇನ್ರಿ?”

“ಹೇಳ್ಯಾರ,” ಎಂದಳು ದ್ರೌಪದಿ.

ಹೀರಾಬಾಯಿ ಹೋದ ಮೇಲೆ ತನ್ನ ಸೊಪ್ಪಿನ ಮೇಲೆ ರಸವನ್ನೆಲ್ಲ ಸುರಿದುಕೊಂಡಳು. ಅವಳ ಹಲ್ಲುಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಆದರೂ ತಾಟಿನ ಮುಂದೆ, ಎಲೆ ಪೂರ್ತಿ ಬಾಡುವ ತನಕ, ಒಂದು ತಾಸು ಕೂತಿದ್ದಳು.