ಇಲ್ಲಿ ಕಷ್ಟ ಬರೆದುಕೊಡಲಾಗುತ್ತದೆ

ಕಾಲೇಜಿನ ಗೇಟಿಗೆ ಎದುರಾಗಿದ್ದ ಜೆರಾಕ್ಸ್ ಅಂಗಡಿಯವರನ್ನು ಊರೆಲ್ಲ ಅರ್ಜಿ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೆ ಅರ್ಜಿಯ ಯಾವ ಚೌಕದಲ್ಲಿ ಏನು ತುಂಬಬೇಕು, ಫೋಟೊದಲ್ಲಿ ಎರಡೂ ಕಿವಿ ಕಾಣಬೇಕೋ ಒಂದೇ ಸಾಕೋ, ಯಾವ ದಾಖಲೆಯ ಮೇಲೆ ಯಾರ ಮೊಹರು ಬೀಳಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಕಾಲೇಜಿನ ಗುಮಾಸ್ತರೇ ಅನುಮಾನ ಬಂದಾಗ ರಸ್ತೆ ದಾಟಿ ಬಂದು ಕೇಳಿಕೊಂಡು ಹೋಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಕಾಲೇಜಿನವರಿಗೆ ಹೊಸ ಬುದ್ಧಿ ಬಂತು. ಅಂಕ ತೆಗೆಯುವುದು ಯಾರಿಗಾದರೂ ಬರುತ್ತದೆ, ಮಕ್ಕಳ ಒಳಗೇನಿದೆ ಅದನ್ನು ನೋಡಬೇಕು ಎಂದು ತೀರ್ಮಾನಿಸಿದರು. ಪದವಿಗೆ ಸೇರುವವರು ಅಂಕಪಟ್ಟಿಯ ಜೊತೆಗೆ ‘ನನ್ನನ್ನು ರೂಪಿಸಿದ ಒಂದು ಕಷ್ಟ’ ಎಂಬ ವಿಷಯದ ಮೇಲೆ ಎರಡು ಪುಟದ ಪತ್ರ ಬರೆದುಕೊಡಬೇಕು, ಆಮೇಲೆ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಸಂದರ್ಶನಕ್ಕೆ ಬರಬೇಕು. ಊರಿನ ಹದಿನೆಂಟು ವರ್ಷದ ಮಕ್ಕಳೆಲ್ಲ ಕಷ್ಟ ಹುಡುಕಿಕೊಂಡು ಹೊರಟರು. ಕಷ್ಟ ಇದ್ದವರಿಗೆ ಅದನ್ನು ಕೂತು ಬರೆಯಲು ಪುರುಸೊತ್ತಿರಲಿಲ್ಲ, ಪುರುಸೊತ್ತಿದ್ದವರಿಗೆ ಕಷ್ಟ ಇರಲಿಲ್ಲ. ಈ ಎರಡನೆಯ ಜಾತಿಯವರೆಲ್ಲ ಮೇಷ್ಟ್ರ ಅಂಗಡಿಗೆ ಬಂದರು.

ಈ ವರ್ಷ ಹಲ್ಲಿನ ಡಾಕ್ಟರು ತಮ್ಮ ಮಗನನ್ನು ಕರೆತಂದು ಸ್ಟೂಲಿನ ಮೇಲೆ ಕೂರಿಸಿದರು.

“ಏನಪ್ಪಾ, ನಿಂಗೆ ಕಷ್ಟ ಅಂತ ಯಾವತ್ತಾದ್ರೂ ಬಂದಿತ್ತಾ?” ಎಂದು ಮೇಷ್ಟ್ರು ಕೇಳಿದರು.

ಹುಡುಗ ಸೂರು ನೋಡುತ್ತಾ ಬಹಳ ಹೊತ್ತು ಯೋಚಿಸಿದ. “ಒಂದ್ಸಲ ಎರಡು ದಿನ ಮನೇಲಿ ಇಂಟರ್‌ನೆಟ್ ಇರ್ಲಿಲ್ಲ.”

“ಇವ್ನಿಗೆ ಯಾವ್ದಕ್ಕೂ ಕಡಿಮೆ ಮಾಡ್ಲಿಲ್ಲ ಮೇಷ್ಟ್ರೇ, ಅದೇ ತಪ್ಪಾಯ್ತು ನೋಡಿ” ಎಂದು ಡಾಕ್ಟರು ಕೈ ಕೈ ಹಿಸುಕಿಕೊಂಡರು.

“ನೀವು ತಲೆ ಕೆಡಿಸ್ಕೋಬೇಡಿ. ಕಷ್ಟ ನಾನು ಕೊಡ್ತೀನಿ.”

ಕೊಡುವುದಕ್ಕೆ ಅವರ ಹತ್ತಿರ ಬೇಕಾದಷ್ಟಿತ್ತು. ವಾಣಿಜ್ಯಕ್ಕೆ ಸೇರುವವರಿಗೆ ಬೆಂಕಿ ಬಿದ್ದ ಅಂಗಡಿ, ಜೀವಶಾಸ್ತ್ರದವರಿಗೆ ಹಾಸಿಗೆ ಹಿಡಿದ ಅಜ್ಜಿ. ಕಾಲೇಜಿನವರು ಪ್ರತಿ ವರ್ಷ ತಮಗೆ ಮೆಚ್ಚಿಗೆಯಾದ ಪತ್ರಗಳನ್ನು ಪಡಸಾಲೆಯ ಬೋರ್ಡಿಗೆ ಚುಚ್ಚುತ್ತಿದ್ದರು. ಮೇಷ್ಟ್ರು ಹೋಗಿ ನಿಂತು, ಒಂದು ಅಕ್ಷರ ಬಿಡದೆ ನಕಲು ಮಾಡಿಕೊಂಡು ಬಂದು, ಯಾವ ನೋವು ಓಡುತ್ತಿದೆ ಯಾವುದು ಮಲಗಿದೆ ಎಂದು ತಿಳಿದುಕೊಳ್ಳುತ್ತಿದ್ದರು. ಹೋದ ವರ್ಷ ಇದ್ದಕ್ಕಿದ್ದಂತೆ ಅಜ್ಜಿಯರಿಗೆ ಬೆಲೆ ಇಲ್ಲದಂತಾಗಿ, ಒಂದೇ ವಾರದಲ್ಲಿ ಆರು ಅಜ್ಜಿಯರನ್ನು ಹಾಸಿಗೆಯಿಂದ ಎಬ್ಬಿಸಿ ಓಡಾಡುವಂತೆ ಮಾಡಬೇಕಾಗಿ ಬಂತು.

ಎಲ್ಲಕ್ಕಿಂತ ಚೆನ್ನಾಗಿ ಓಡುತ್ತಿದ್ದುದು ‘ಯಂತ್ರದ ಕೆಳಗಿನ ಮಗು’. ಅಮ್ಮ ಬಟ್ಟೆ ಗೋದಾಮಿನಲ್ಲಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡು ಎಂಟು ತಿಂಗಳು ತವರಿನಲ್ಲಿ ಮಲಗುತ್ತಾಳೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಮಗು ಶಾಲೆ ಬಿಟ್ಟಮೇಲೆ ಅಪ್ಪನ ಜೆರಾಕ್ಸ್ ಯಂತ್ರದ ಮೇಜಿನ ಕೆಳಗೆ ಕೂತು, ಕೆಟ್ಟುಹೋದ ಪ್ರತಿಗಳ ಹಿಂಬದಿಯಲ್ಲಿ ಲೆಕ್ಕ ಮಾಡುತ್ತದೆ. ‘ಯಂತ್ರದ ಬಿಸಿಗೆ ನನ್ನ ಕಣ್ಣೀರು ಆರುತ್ತಿತ್ತು’ ಎಂಬ ವಾಕ್ಯದ ಮೇಲೆ ಮೇಷ್ಟ್ರಿಗೆ ಬಹಳ ಪ್ರೀತಿ. ಈ ವರ್ಷ ಅದನ್ನು ಅಲ್ಲಲ್ಲಿ ತಿದ್ದಿ ನಾಲ್ಕು ಬೇರೆ ಬೇರೆ ವಿಭಾಗದ ಮಕ್ಕಳಿಗೆ ಕೊಟ್ಟಿದ್ದರು, ಹಲ್ಲಿನ ಡಾಕ್ಟರ ಮಗನೂ ಸೇರಿ.

ಅವರ ದಾಸ್ತಾನಿನಲ್ಲಿ ಸುಳ್ಳಲ್ಲದ ಕಷ್ಟ ಅದೊಂದೇ. ಏಣಿಯಿಂದ ಬಿದ್ದದ್ದು ಅವರ ಹೆಂಡತಿ. ಮೇಜಿನ ಕೆಳಗೆ ಕೂತದ್ದು ಅವರ ಒಬ್ಬಳೇ ಮಗಳು, ಆಗ ಅವಳಿಗೆ ಹನ್ನೆರಡು. ನಡೆದದ್ದು ನನ್ನ ಅಂಗಡಿಯಲ್ಲಿ, ಬರೆದದ್ದು ನನ್ನ ಕೈ, ಇನ್ನು ಯಾರನ್ನು ಕೇಳಬೇಕು ಎಂಬುದು ಮೇಷ್ಟ್ರ ಲೆಕ್ಕಾಚಾರವಾಗಿತ್ತು.

ಆ ಮಗಳಿಗೂ ಹದಿನೆಂಟಾಯಿತು. ಅವಳಿಗೆ ಗಣಿತ ಓದಬೇಕು. ಗಣಿತದ ಪದವಿ ಇದ್ದದ್ದು ಆ ಊರಿನಲ್ಲಿ ಈ ಕಾಲೇಜಿನಲ್ಲಿ ಮಾತ್ರ. ಇಲ್ಲಿ ಸೀಟು ಸಿಕ್ಕದಿದ್ದರೆ ಅಂಗಡಿಯಲ್ಲಿ ಕೂತು ಊರವರ ಅಂಕಪಟ್ಟಿಯನ್ನು ಯಂತ್ರಕ್ಕೆ ತಿನ್ನಿಸುವುದೇ ಗತಿ ಎಂದು ಮೂವರಿಗೂ ಗೊತ್ತಿತ್ತು. ಮೇಷ್ಟ್ರು ಮಗಳಿಗಾಗಿ ಯಾರಿಗೂ ಕೊಡದ ಹೊಚ್ಚಹೊಸ ಕಷ್ಟವೊಂದನ್ನು ತೆಗೆದಿಟ್ಟಿದ್ದರು. ಪ್ರವಾಹ ಬಂದು ಪುಸ್ತಕದ ಚೀಲ ಕೊಚ್ಚಿಕೊಂಡು ಹೋಗುತ್ತದೆ.

“ನಮ್ಮೂರಲ್ಲಿ ಪ್ರವಾಹ ಯಾವಾಗ ಬಂದಿತ್ತಪ್ಪಾ?” ಎಂದು ಮಗಳು ಕೇಳಿದಳು.

“ಬಂದಿತ್ತು ಅಂತ ಬರೆದ್ರೆ ಬಂದಿತ್ತು. ಅವ್ರೇನು ನೀರು ಅಳೆಯೋಕೆ ಬರ್ತಾರಾ?”

“ಬೇಡ. ನಂದು ನಾನೇ ಬರ್ಕೋತೀನಿ.”

“ನಿಂಗೆ ಬರೆಯೋಕೆ ಎಲ್ಲಿ ಬರತ್ತೆ? ನಿಂದು ಬರೀ ಲೆಕ್ಕ.”

“ಊರಿಗೆಲ್ಲಾ ಬರ್ಕೊಟ್ಟಿದ್ದು ಸಾಲದಾ? ಮಗಳನ್ನಾದ್ರೂ ಬಿಟ್ಬಿಡ್ರೀ” ಎಂದು ಹೆಂಡತಿ ಒಳಗಿನಿಂದ ಗದರಿದಳು. ಸೊಂಟ ನೆಟ್ಟಗಾದ ದಿನದಿಂದ ಅವಳ ದನಿಯೂ ನೆಟ್ಟಗಾಗಿತ್ತು.

ಮಗಳು ಕೊನೆಯ ದಿನ ಲಕೋಟೆ ಅಂಟಿಸಿ ತಾನೇ ಹೋಗಿ ಕೊಟ್ಟುಬಂದಳು. ಏನು ಬರೆದೆ ಎಂದರೆ, ನಿಜ ಬರೆದೆ ಎಂದಳು. ಮೇಷ್ಟ್ರು ಮೂಗು ಮುರಿದರು. ಇಷ್ಟು ವರ್ಷದ ಅನುಭವದಲ್ಲಿ ನಿಜ ಬರೆದು ಪಾಸಾದವರನ್ನು ಅವರು ಕಂಡಿರಲಿಲ್ಲ.

ಸಂದರ್ಶನಕ್ಕೆ ಮಗಳ ಜೊತೆ ಮೇಷ್ಟ್ರೇ ಹೋದರು. ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಆಚೆಗೆ ಮೂವರು. ನಡುವೆ ಕನ್ನಡಕವನ್ನು ಸರಪಳಿಯಲ್ಲಿ ತೂಗುಹಾಕಿಕೊಂಡಿದ್ದ ಪ್ರವೇಶ ಸಮಿತಿಯ ಮುಖ್ಯಸ್ಥೆ. ಅವರ ಎಡಕ್ಕೆ ಕಚೇರಿಯ ಮೇಲ್ವಿಚಾರಕರು, ಅರ್ಧ ನಿದ್ದೆಯಲ್ಲಿದ್ದರು. ಬಲಕ್ಕೆ ಗಣಿತದ ಎಳೆಯ ಲೆಕ್ಚರರು. ಅವರನ್ನು ಕಂಡು ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅವರು ಇದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅಂಗಡಿಗೆ ಬರುತ್ತಿದ್ದವರು. ಒಮ್ಮೆ ಮೇಜಿನ ಕೆಳಗೆ ಬಗ್ಗಿ ಕೂತು ಮಗುವಿಗೆ ಭಾಗಾಕಾರ ಹೇಳಿಕೊಟ್ಟಿದ್ದರು. ಈ ಕೆಲಸಕ್ಕೆ ಅವರು ಹಾಕಿದ ಅರ್ಜಿಯಲ್ಲಿನ ‘ಬೋಧನೆಯೇ ನನ್ನ ಉಸಿರು’ ಎಂಬುದೂ ಮೇಷ್ಟ್ರ ವಾಕ್ಯವೇ.

ಮೇಷ್ಟ್ರು ನಕ್ಕರು. ಲೆಕ್ಚರರು ಪೆನ್ನಿನ ಮುಚ್ಚಳವನ್ನು ಪರೀಕ್ಷಿಸತೊಡಗಿದರು.

ಮುಖ್ಯಸ್ಥೆ ಮೇಜಿನ ಮೇಲೆ ಐದು ಪತ್ರಗಳನ್ನು ಸಾಲಾಗಿ ಹರಡಿದರು. “ಬೇರೆ ಬೇರೆ ವಿಭಾಗದವ್ರು ಓದಿದ್ರಿಂದ ಯಾರಿಗೂ ಗೊತ್ತಾಗ್ಲಿಲ್ಲ. ಇವತ್ತು ಎಲ್ಲಾ ಒಟ್ಟಿಗೆ ನನ್ನ ಕೈಗೆ ಬಂತು. ಐದು ಮಕ್ಕಳು, ಐದು ಅಮ್ಮಂದಿರು, ಎಲ್ರೂ ಏಣಿಯಿಂದ ಬಿದ್ದಿದ್ದಾರೆ. ಐದು ಜೆರಾಕ್ಸ್ ಯಂತ್ರ. ಏನಮ್ಮಾ ಇದು?”

ಮೇಷ್ಟ್ರು ಬಗ್ಗಿ ನೋಡಿದರು. ನಾಲ್ಕು ತಮ್ಮವೇ.

ಮುಖ್ಯಸ್ಥೆ ಕನ್ನಡಕ ಏರಿಸಿ ಮೊದಲ ಪತ್ರ ಎತ್ತಿಕೊಂಡರು. “‘ಯಂತ್ರದ ಬಿಸಿಗೆ ನನ್ನ ಕಣ್ಣೀರು ಆರುತ್ತಿತ್ತು.’ ಎಷ್ಟು ಚೆನ್ನಾಗಿದೆ.” ಆ ಹೊತ್ತಿನಲ್ಲೂ ಮೇಷ್ಟ್ರಿಗೆ ಒಳಗೊಳಗೇ ಹಿಗ್ಗಾಯಿತು ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಆದದ್ದು ನಿಜ. “ಈಗ ನಿಂದು ಕೇಳು” ಎಂದು ಮುಖ್ಯಸ್ಥೆ ಐದನೆಯದನ್ನು ಓದಿದರು.

“‘ಯಂತ್ರದ ಹತ್ತಿರ ಬೆಚ್ಚಗಿರುತ್ತಿತ್ತು. ಅಲ್ಲಿಂದ ಅಪ್ಪನ ಕಾಲು ಮಾತ್ರ ಕಾಣುತ್ತಿತ್ತು. ಅಪ್ಪ ಕಾಲಿನ ಹೆಬ್ಬೆರಳು ಅಲ್ಲಾಡಿಸಿದರೆ ಗಿರಾಕಿ ಹೋದರು, ಈಗ ಮಾತಾಡಬಹುದು ಎಂದು ಅರ್ಥ. ಹಾಳಾದ ಪ್ರತಿಗಳಲ್ಲಿ ಹಿಂಬದಿ ಹೆಚ್ಚು ಖಾಲಿ ಇರುವುದನ್ನು ಅಪ್ಪ ನನಗೆಂದೇ ಆರಿಸಿ ಕೆಳಗೆ ಬಿಡುತ್ತಿದ್ದರು. ಅಮ್ಮನಿಗೆ ಕಷ್ಟವಾಗಿತ್ತು. ನನಗೆ ಇದು ಕಷ್ಟವೋ ಅಲ್ಲವೋ ಗೊತ್ತಿಲ್ಲ. ನಾನು ಅಷ್ಟು ಖುಷಿಯಾಗಿ ಮತ್ತೆ ಯಾವತ್ತೂ ಇರಲಿಲ್ಲ.’”

ಹೆಬ್ಬೆರಳಿನ ವಿಷಯ ಮೇಷ್ಟ್ರಿಗೆ ಮರೆತೇಹೋಗಿತ್ತು. ಅಷ್ಟು ಸಲ ಆ ಕಥೆ ಬರೆದವರಿಗೆ ಒಂದು ಸಲವೂ ಅದು ನೆನಪಾಗಿರಲಿಲ್ಲ.

“ಉಳಿದ ನಾಲ್ಕು ಮಕ್ಕಳು ಎಷ್ಟು ನೊಂದು ಬರೆದಿದ್ದಾರೆ. ನಿಂದ್ರಲ್ಲಿ ನೋವೇ ಇಲ್ಲವಲ್ಲಮ್ಮ” ಎಂದರು ಮುಖ್ಯಸ್ಥೆ. “ನಿಜವಾಗಿ ಅನುಭವಿಸಿದವ್ರು ಹೀಗೆ ಬರೀತಾರಾ? ಕದಿಯೋದಾದ್ರೂ ಸರಿಯಾಗಿ ಕದಿಯೋದಲ್ವಾ?”

ಮಗಳು ಅಪ್ಪನ ಕಡೆ ತಿರುಗಿದಳು. “ನಾಲ್ಕು ಜನಕ್ಕಾ ಅಪ್ಪಾ?”

ಮೇಷ್ಟ್ರು ಎದ್ದು ನಿಂತರು. “ಮೇಡಂ, ಆ ನಾಲ್ಕೂ ನಾನು ಬರ್ಕೊಟ್ಟಿದ್ದು. ಇವಳದ್ದೊಂದೇ ನಿಜ. ನನ್ನ ಅಂಗಡಿ ಮುಚ್ಚಿಸಿ, ಬೇಕಾದ್ದು ಮಾಡಿ. ಇವಳಿಗೆ ಗೊತ್ತೇ ಇರ್ಲಿಲ್ಲ.”

“ನಾಲ್ಕು ನೀವು ಬರೆದಿದ್ರೆ ಐದನೇದೂ ನೀವೇ ಬರೆದಿರ್ತೀರಿ.”

“ಸಾರ್ ನೋಡಿದ್ದಾರೆ ಮೇಡಂ, ಕೇಳಿ. ಸಾರ್, ನೀವೇ ಅಲ್ವಾ ಮೇಜಿನ ಕೆಳಗೆ ಕೂತು ಇವಳಿಗೆ ಲೆಕ್ಕ ಹೇಳ್ಕೊಟ್ಟಿದ್ದು?”

ಲೆಕ್ಚರರು ಮುಚ್ಚಳವನ್ನು ಪೆನ್ನಿಗೆ ಹಾಕಿ ಟಕ್ಕೆನಿಸಿದರು. ಆ ಅಂಗಡಿ ತಮಗೆ ಗೊತ್ತು ಎಂದರೆ ಆಮೇಲಿನ ಪ್ರಶ್ನೆ ತಮ್ಮ ಅರ್ಜಿ ಬರೆದವರು ಯಾರು ಎಂಬುದೇ ಎಂದು ಅವರಿಗೆ ಗೊತ್ತಿತ್ತು. “ನಂಗೆ ಹಾಗೇನೂ ನೆನಪಿಲ್ಲ” ಎಂದರು.

ಆಗ ಮೇಲ್ವಿಚಾರಕರು ಕಣ್ಣು ಬಿಟ್ಟು, ಆ ನಾಲ್ವರ ಹೆಸರು ನಿನ್ನೆಯೇ ಪಟ್ಟಿಯಲ್ಲಿ ಅಚ್ಚಾಗಿ ಗೇಟಿಗೆ ಅಂಟಿದೆ, ಈಗ ಕಿತ್ತರೆ ಕಾಲೇಜಿನ ಮಾನ ಹೋಗುತ್ತದೆ ಎಂದು ಎಚ್ಚರಿಸಿ ಮತ್ತೆ ಕಣ್ಣು ಮುಚ್ಚಿದರು. ಹಾಗಾಗಿ ನಾಲ್ಕು ನಕಲುಗಳು ಪಾಸಾದವು, ಅಸಲಿಗೆ ವಿಚಾರಣೆ ಉಳಿಯಿತು. ಮುಖ್ಯಸ್ಥೆ ಕೆಟ್ಟವರೇನಲ್ಲ, ನಿಯಮದ ಮನುಷ್ಯರು. ಎರಡು ಖಾಲಿ ಹಾಳೆಗಳನ್ನು ಮಗಳ ಮುಂದೆ ತಳ್ಳಿದರು. “ಅರ್ಧ ಗಂಟೆ. ಇಲ್ಲೇ ಕೂತು ಬೇರೆ ಕಷ್ಟ ಬರಿ. ನೀವು ಹೊರಗಿರಿ.”

ಹೊರಗಿನ ಬೆಂಚಿನ ಮೇಲೆ ಮೇಷ್ಟ್ರು ಪ್ರವಾಹವನ್ನು ನೆನೆಸಿಕೊಂಡರು. ಅದನ್ನಾದರೂ ಬರೆಯಲಿ ದೇವರೇ ಎಂದುಕೊಂಡರು. ಮಗಳು ಹೊರಗೆ ಬಂದವಳು ಅವರ ಮುಂದೆಯೇ ಹಾದು, ನಿಲ್ಲದೆ ಮನೆಗೆ ನಡೆದಳು. ಆಮೇಲೆ ಮನೆಯಲ್ಲಿ ಅಪ್ಪನೊಡನೆ ಮಾತಿಲ್ಲ. ಏನು ನಡೆಯಿತೆಂದು ತಿಳಿದ ಮೇಲೆ ಹೆಂಡತಿಯೂ ಮಾತು ಬಿಟ್ಟಳು.

ನಾಲ್ಕನೆಯ ದಿನ ಎರಡನೇ ಪಟ್ಟಿ ಬಂತು. ಗಣಿತದ ಸಾಲಿನಲ್ಲಿ ಮಗಳ ಹೆಸರಿತ್ತು. ಅವಳ ಪತ್ರ ಪಡಸಾಲೆಯ ಬೋರ್ಡಿನಲ್ಲಿದೆ ಎಂದು ಗುಮಾಸ್ತರೊಬ್ಬರು ರಸ್ತೆ ದಾಟಿ ಬಂದು ಹೇಳಿದರು. ಹೇಳುವಾಗ ಅವರು ಮೇಷ್ಟ್ರ ಮುಖ ನೋಡಲಿಲ್ಲ.

ಮೇಷ್ಟ್ರು ಹೋಗಿ ನಿಂತು ಓದಿದರು.

‘ನನ್ನ ಅಪ್ಪ ಊರಿನ ಮಕ್ಕಳಿಗೆ ಕಷ್ಟ ಬರೆದುಕೊಡುತ್ತಾರೆ. ನನ್ನ ಖುಷಿಯನ್ನು ತೆಗೆದುಕೊಂಡು, ಅದಕ್ಕೆ ಕಣ್ಣೀರು ಸೇರಿಸಿ, ನಾಲ್ಕು ಜನರಿಗೆ ಕೊಟ್ಟಿದ್ದಾರೆ ಎಂದು ನನಗೆ ಈಗಷ್ಟೇ ಗೊತ್ತಾಯಿತು. ಮೇಜಿನ ಕೆಳಗಿನ ಆ ದಿನಗಳನ್ನು ನೆನೆಸಿಕೊಳ್ಳಲು ಹೋದರೆ ಈಗ ಅಪ್ಪನ ವಾಕ್ಯಗಳೇ ಬರುತ್ತಿವೆ. ನಾನು ಅಲ್ಲಿ ಅತ್ತಿದ್ದೆನೇನೋ ಎಂದು ನನಗೇ ಅನುಮಾನವಾಗುತ್ತಿದೆ. ಇದಕ್ಕಿಂತ ದೊಡ್ಡ ಕಷ್ಟ ನನಗೆ ಬಂದಿಲ್ಲ.’

ಇನ್ನೂ ಒಂದೂವರೆ ಪುಟವಿತ್ತು. ಕೆಳಗೆ ಮುಖ್ಯಸ್ಥೆಯ ಕೆಂಪು ಶಾಯಿ: ‘ಅತ್ಯುತ್ತಮ. ನೋವು ಎದ್ದು ಕಾಣುತ್ತದೆ.’

ಜೇಬಿನಲ್ಲಿ ಪೆನ್ನು, ಹಾಳೆ ಇದ್ದವು. ಮೇಷ್ಟ್ರು ಅವನ್ನು ಹೊರಗೆ ತೆಗೆಯಲಿಲ್ಲ. ರಸ್ತೆ ದಾಟಿ ಅಂಗಡಿಗೆ ಬಂದರು.

ಅಂಗಡಿಯಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು. ಮುಂದೆ ಒಬ್ಬ ಕಂಟ್ರಾಕ್ಟರು, ಪಕ್ಕದಲ್ಲಿ ಅವರ ಮಗ. ಸಾಲಿನ ಕೊನೆಯಲ್ಲಿ, ಯಾರೋ ಹೊರಗಿನವಳ ಹಾಗೆ, ಪ್ರವೇಶದ ಕಾಗದಗಳನ್ನು ಹಿಡಿದುಕೊಂಡು ಮೇಷ್ಟ್ರ ಮಗಳು ನಿಂತಿದ್ದಳು.

ಕಂಟ್ರಾಕ್ಟರು ಮೊಬೈಲು ಮುಂದೆ ಹಿಡಿದರು. ಪರದೆಯ ಮೇಲೆ ಬೋರ್ಡಿನ ಪತ್ರದ ಫೋಟೊ. “ಮೇಷ್ಟ್ರೇ, ಈ ಸಲ ಇದು ಓಡ್ತಾ ಇದೆಯಂತಲ್ಲ? ಅಪ್ಪ ಮಗಳ ಕಥೆ ಮಾರ್ಕೊಂಡಿದ್ದು. ನಮ್ಮ ಹುಡುಗ ಮುಂದಿನ ವರ್ಷ ಸೇರ್ತಾನೆ, ಇದೇ ತರ ಅವ್ನಿಗೂ ಒಂದು ಈಗ್ಲೇ ಬರ್ಕೊಡಿ. ಅಪ್ಪ ಎಂಥಾ ಕೆಟ್ಟವ್ನು ಅಂತ ಎಷ್ಟು ಬೇಕಾದ್ರೂ ಹಾಕಿ, ನಂಗೇನೂ ಬೇಜಾರಿಲ್ಲ.”

“ಅದು ಕೊಡೋಕಾಗಲ್ಲ” ಎಂದರು ಮೇಷ್ಟ್ರು.

“ಯಾಕೆ? ಖಾಲಿ ಆಯ್ತಾ?”

“ಅದು ನಂದಲ್ಲ. ಯಜಮಾನ್ರು ಹಿಂದೆ ನಿಂತಿದ್ದಾರೆ, ಬೇಕಾದ್ರೆ ಅವ್ರನ್ನ ಕೇಳಿ.”

ಎಲ್ಲರೂ ತಿರುಗಿ ನೋಡಿದರು. ಮಗಳು ಮುಂದೆ ಬಂದು ಕಾಗದಗಳನ್ನು ಕೌಂಟರಿನ ಮೇಲಿಟ್ಟಳು. “ಎರಡೆರಡು ಪ್ರತಿ” ಎಂದಳು. ನಾಲ್ಕು ದಿನದಲ್ಲಿ ಅವಳು ಅಪ್ಪನಿಗೆ ಆಡಿದ ಮೊದಲ ಮಾತು ಅದು.

ಮೇಷ್ಟ್ರು ಮುಚ್ಚಳ ತೆರೆದು ಅಂಕಪಟ್ಟಿ ಇಟ್ಟು ಗುಂಡಿ ಒತ್ತಿದರು. ಕಣ್ಣು ಮಗಳ ಮೇಲಿದ್ದುದರಿಂದ ಹಾಳೆ ಓರೆಯಾಗಿ, ಅರ್ಧ ಅಂಕಗಳು ಅಂಚಿನಾಚೆಗೆ ಹೋಗಿದ್ದವು. ಇಷ್ಟು ವರ್ಷದಲ್ಲಿ ಗಿರಾಕಿಯ ಎದುರು ಅವರು ಹಾಗೆ ತಡಬಡಿಸಿದ್ದಿಲ್ಲ. ಹಾಳೆಯನ್ನು ಮುದ್ದೆ ಮಾಡಲು ಹೋದರು.

ಮಗಳು ಕೈ ಚಾಚಿ ಅದನ್ನು ಅವರ ಬೆರಳಿನಿಂದ ಬಿಡಿಸಿಕೊಂಡಳು. ತಿರುಗಿಸಿ ನೋಡಿದಳು, ಹಿಂಬದಿ ಪೂರ್ತಿ ಖಾಲಿ ಇತ್ತು. ಎರಡು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡಳು.

“ಅಪ್ಪಾ” ಎಂದಳು, “ಇದನ್ನ ಎಲ್ಲೂ ಬರೀಬೇಡ.”