ಎರಡನೆಯ ಸಂಖ್ಯೆ

ಕಿವಿ ತಣ್ಣಗಿದೆ, ಮೂಗು ಒದ್ದೆಯಾಗಿದೆ, ಜ್ವರವಿಲ್ಲ, ಗುಬ್ಬಿಗೆ ಏನೂ ಆಗಿಲ್ಲ, ಆದರೂ ಸ್ಟೀಲ್ ಮೇಜಿನ ಮೇಲೆ ಅದರ ಉಗುರು ಟಕಟಕ ಅನ್ನುತ್ತಿದೆ, ಬೆನ್ನ ಮೇಲೆ ಕೈ ಒತ್ತಿ ಹಿಡಿದಿದ್ದೇನೆ — ಮೂವತ್ತೆರಡು ಕೆಜಿ ತೂಗುವ ನಾಯಿಗೆ ಗುಬ್ಬಿ ಅಂತ ಹೆಸರಿಟ್ಟವಳು ಅಕ್ಕ, ಇಂಥ ತಮಾಷೆ ಅವಳಿಗೇ ಹೊಳೆಯಬೇಕು, ತಮಾಷೆ ಮಾಡುವ ಅಕ್ಕ ಒಬ್ಬಳಿದ್ದಳು ಒಂದು ಕಾಲಕ್ಕೆ. ಎದುರಿಗೆ ಭಾವ ನಿಂತಿದ್ದಾನೆ, ಇಸ್ತ್ರಿ ಕೆಡದ ಅಂಗಿ, ಅಕ್ಕನ ಗಂಡ, ಮನಸ್ಸಿನಲ್ಲಿ ಏಕವಚನ, ಬಾಯಲ್ಲಿ ಬಹುವಚನ, ಕೂತ್ಕೊಳ್ಳಿ ಭಾವ ಅಂದೆ, ಕೂರಲಿಲ್ಲ, ಇದಕ್ಕೆ ಬಾಗಿಲು ತೆಗೀತಿದೆ ಕಣಮ್ಮ ಅನ್ನುತ್ತಾನೆ, ಮನೇಲಿರೋ ಎಲ್ಲಾ ಬಾಗಿಲೂ ತೆಗೀತಿದೆ, ಯಾಕೆ ಅಂತ ಸ್ವಲ್ಪ ನೋಡು, ನೀನೇ ತಾನೆ ಇಲ್ಲಿ ಇಂಥದ್ದೆಲ್ಲ ನೋಡೋಳು. ಹೌದು, ನಾನೇ, ಹನ್ನೊಂದು ವರ್ಷದಿಂದ ಈ ಪ್ರಾಣಿ ಆಸ್ಪತ್ರೆಯಲ್ಲಿ ಡಾಕ್ಟರ ಕೈಯಾಳು, ಕಳೆದುಹೋಗಿ ಸಿಕ್ಕ ನಾಯಿ ಬೆಕ್ಕುಗಳ ಹೆಗಲ ಮೇಲೆ ಸ್ಕ್ಯಾನರ್ ಆಡಿಸಿ, ಚರ್ಮದಡಿಯ ಚಿಪ್‌ನ ಸಂಖ್ಯೆ ಓದಿ, ಇಂಥವರ ಮನೆಯದು ಅಂತ ಹೇಳುವವಳು. ಅಕ್ಕನ ಮಾತೇ ಎತ್ತಿಲ್ಲ ಇವನು. ಹೆಂಡತಿ ಮನೆಯಲ್ಲಿಲ್ಲ, ಎಲ್ಲಿ ಅಂತ ಅವಳ ತಂಗಿಯನ್ನು ಕೇಳಬೇಡವೇ.

ಹೋದ ಗುರುವಾರ ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋಗಿದ್ದಾಗ ಅಕ್ಕ ಬಂದಳು, ಗುಬ್ಬಿಗೆ ಲಸಿಕೆ ಅಂತ ನೆಪ, ಇದೇ ಮೇಜಿನ ಮೇಲೆ ಬಲಗೈ ಚಾಚಿದಳು, ತೆಗೆದುಬಿಡು ಕಣೆ ಅಂದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಅಕ್ಕಿಕಾಳಿನಷ್ಟು ಗಟ್ಟಿ, ಒತ್ತಿದರೆ ಜಾರುತ್ತದೆ. ತಾನಾಗಿ ತೆರೆಯುವ ಬಾಗಿಲು ಕೂರಿಸುವುದು ಭಾವನ ಕಸುಬು, ದೊಡ್ಡ ದೊಡ್ಡ ಆಸ್ಪತ್ರೆ, ಆಫೀಸುಗಳಿಗೆಲ್ಲ, ಎರಡು ವರ್ಷದ ಹಿಂದೆ ಸ್ವಂತ ಮನೆಗೂ ಕೂರಿಸಿದ, ನೀನು ಬೀಗದ ಕೈ ಎಲ್ಲೆಲ್ಲೋ ಇಟ್ಟು ಮರೀತೀಯ ಅಂತ ಅವಳ ಕೈಗೇ ಚಿಪ್ ಹಾಕಿಸಿದ, ಹತ್ತಿರ ಹೋದರೆ ಸಾಕು ಬಾಗಿಲು ಸರಿಯುತ್ತದೆ, ಮೊದಮೊದಲು ಅಕ್ಕ ರಾಜಕುಮಾರಿಯ ಹಾಗೆ ನಡೆದು ತೋರಿಸಿ ನಗಿಸಿದ್ದಳು. ಆಮೇಲೆ ಅವನ ಫೋನು, ಯಾವ ಬಾಗಿಲು ಎಷ್ಟು ಹೊತ್ತಿಗೆ ತೆರೆಯಿತು ಅನ್ನುವುದೆಲ್ಲ ಅದರಲ್ಲಿ ಕಾಣುತ್ತದೆ. ಹನ್ನೊಂದು ಇಪ್ಪತ್ತಕ್ಕೆ ಹಿಂಬಾಗಿಲು ತೆಗೆದೆಯಲ್ಲ, ಯಾಕೆ, ಬಚ್ಚಲಲ್ಲಿ ಇಪ್ಪತ್ತಾರು ನಿಮಿಷ ಏನು ಮಾಡ್ತಿದ್ದೆ. ಆಮೇಲೆ ಒಂದು ದಿನ ಬಾಗಿಲು ತೆರೆಯಲೇ ಇಲ್ಲ, ಎಲ್ಲೋ ಕೂತು ಬೆರಳಾಡಿಸಿ ನಿಲ್ಲಿಸಿದ್ದ, ಎಷ್ಟು ದಿನ ಅಕ್ಕ ಅಂದರೆ ಬಿಡು ಕಣೆ ಅಂದಳು, ಬಿಡು ಅನ್ನುವಾಗ ಅವಳ ತುಟಿ ಒಡೆದಿತ್ತು.

ಮರಗಟ್ಟುವ ಇಂಜೆಕ್ಷನ್ ಕೊಟ್ಟೆ, ಕೊಯ್ದೆ, ಕಾಳು ಹೊರಬಂತು, ಎರಡು ಹೊಲಿಗೆ. ಎಸೆಯಬೇಡ, ಗುಬ್ಬಿಗೆ ಹಾಕು, ಇವತ್ತು ಬೆಳಿಗ್ಗೆ ಅವರು ಪರ ಊರಿಗೆ ಹೋದರು, ಸೋಮವಾರದವರೆಗೆ ಅವರ ಫೋನಲ್ಲಿ ನಾನು ಮನೇಲಿ ಓಡಾಡ್ತಾ ಇರಬೇಕು ಅಂದಳು. ಎಲ್ಲಿಗೆ ಹೋಗ್ತೀಯ ಅಕ್ಕ. ನಿನಗೆ ಗೊತ್ತಿಲ್ಲದಿದ್ರೆ ನಿನ್ನ ಬಾಯಿಂದ ಬರೋದೂ ಇಲ್ಲ ಅಂದಳು, ಗುಬ್ಬಿಯ ಹಣೆಗೆ ಹಣೆ ತಾಗಿಸಿ ಬಹಳ ಹೊತ್ತು ಕೂತಳು, ಬಸ್ಸಿಗೆ ಹೊರಟೇಹೋದಳು. ಆ ಕಾಳನ್ನು ಗುಬ್ಬಿಯ ಎಡ ಮುಂಗಾಲಿಗೆ ಹಾಕಿದವಳೂ, ಗುಬ್ಬಿಯನ್ನು ಅವಳ ಮನೆಗೆ ಮುಟ್ಟಿಸಿದವಳೂ ನಾನು. ಅದು ಮೆಟ್ಟಿಲು ಹತ್ತಿದ್ದೇ ಬಾಗಿಲು ಸರಿಯಿತು, ಮುಂದೆ ಹೋದಂತೆ ಇನ್ನೊಂದು, ಮತ್ತೊಂದು, ಸದ್ದಿಲ್ಲದೆ, ಮನೆಯೊಡತಿ ಬಂದಳು ಅಂತ. ಊಟ ಉದುರಿಸುವ ಯಂತ್ರಕ್ಕೆ ನಾಲ್ಕು ದಿನದ್ದು ತುಂಬಿಸಿ ಹೊರಗೆ ಬಂದೆ, ಗುಬ್ಬಿ ಹಿಂದೆಯೇ ಬಂತು, ಒಳಕ್ಕೆ ತಳ್ಳಿದೆ, ಅದರ ಮುಖದ ಮೇಲೆಯೇ ಗೇಟು ಎಳೆದು ಚಿಲಕ ಹಾಕಿದೆ.

ನಾಲ್ಕು ದಿನಾನೂ ಫೋನಲ್ಲಿ ನೋಡ್ತಾನೇ ಇದ್ದೆ ಅನ್ನುತ್ತಾನೆ ಭಾವ, ದನಿ ಎಷ್ಟು ಮೆತ್ತಗಿದೆ, ಬೈದರೆ ವಾಸಿ. ಬೆಳಿಗ್ಗೆ ಆರಕ್ಕೆ ಅಡುಗೆಮನೆ, ಸಂಜೆ ಹಿತ್ತಲು. ಗೋಡೆ ಸ್ಪೀಕರ್‌ನಲ್ಲಿ ಕರೆದ್ರೆ ತಕ್ಷಣ ಆ ರೂಮಿಗೇ ಬರ್ತಿದ್ಲು ಕಣಮ್ಮ, ಎದುರು ಮಾತಿಲ್ಲ, ಮುನಿಸಿಲ್ಲ, ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹಾಗೆ ಬಂದವಳಲ್ಲ. ನಿನ್ನೆ ಬಂದು ನೋಡಿದ್ರೆ ಇದೊಂದೇ ಇದೆ. ನೋಡು, ನೋಡು. ಸ್ಕ್ಯಾನರನ್ನು ಹೆಗಲ ಮೇಲಷ್ಟೇ ಆಡಿಸಿದೆ, ಬೀಪ್, ಗುಬ್ಬಿಯದೇ ಹಳೆಯ ಸಂಖ್ಯೆ, ಅಷ್ಟೇ ಭಾವ, ಬಾಗಿಲೇ ಕೆಟ್ಟಿರಬೇಕು ಅಂದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಮುಖ ಇದ್ದಿರಬೇಕು. ನಾನು ಕೂರಿಸಿದ ಬಾಗಿಲು ಕೆಡಲ್ಲ ಅಂದ. ನನ್ನ ಮಣಿಕಟ್ಟು ಹಿಡಿದ, ನೋಯುವ ಹಾಗಲ್ಲ, ಹಿಡಿದು ಅಭ್ಯಾಸವಿದ್ದವನ ಹಾಗೆ, ಸ್ಕ್ಯಾನರನ್ನು ಪಕ್ಕೆಗೆ ಇಳಿಸಿದ, ಎಡ ಮುಂಗಾಲಿಗೆ, ಬೀಪ್. ಪರದೆ ನೋಡಲೂ ಇಲ್ಲ ಅವನು, ಕಣ್ಣು ಮುಚ್ಚಿ ಬಾಯಿಪಾಠ ಒಪ್ಪಿಸಿದ, ಕೊನೆಯ ನಾಲ್ಕು ಅಂಕಿ ಏಳು, ಸೊನ್ನೆ, ಮೂರು, ಏಳು, ಪರದೆಯ ಮೇಲೂ ಅದೇ.

ಹೊಡೆಯುತ್ತಾನೆ ಅಂತ ಕುತ್ತಿಗೆ ತಗ್ಗಿಸಿದೆ, ಒಳಕೋಣೆಯಲ್ಲಿ ಡಾಕ್ಟರು ಕೈ ತೊಳೆಯುವ ನೀರಿನ ಸದ್ದು, ಕೂಗಬೇಕು — ಅವನು ನಕ್ಕ. ಇಲ್ಲೇ ಇದ್ದಾಳೆ ಅಂದ. ಬಗ್ಗಿ ಗುಬ್ಬಿಯ ಕಿವಿಯ ಬಳಿ, ಏಳೇ ಇವಳೇ, ಮನೆಗೆ ಹೋಗೋಣ. ಇವಳೇ. ಹದಿನಾಲ್ಕು ವರ್ಷ ಅಕ್ಕನನ್ನು ಹೆಸರಿಟ್ಟು ಕರೆಯಲಿಲ್ಲ, ಇವಳೇ, ಇದೇ ದನಿ, ಮಾತಿನ ಕೊನೆಗೆ ಇದೇ ಎಳೆತ. ಭಾವ, ಗುಬ್ಬೀನ ಎರಡು ದಿನ ಇಲ್ಲೇ ಬಿಡಿ, ಅದನ್ನ ತೆಗೆದುಕೊಡ್ತೀನಿ. ತೆಗೆದೀಯ ಮತ್ತೆ, ಹೆಂಡ್ತೀನ ಯಾರಾದ್ರೂ ಕಂಡೋರ ಹತ್ರ ಬಿಟ್ಟುಹೋಗ್ತಾರಾ? ನಿನ್ನಕ್ಕ ಈಗ ಸರಿಹೋಗಿದ್ದಾಳೆ ಕಣಮ್ಮ. ಕುತ್ತಿಗೆಯ ಬೆಲ್ಟು ಬಿಚ್ಚಿ ಕಸದ ಬುಟ್ಟಿಗೆ ಹಾಕಿದ, ಇದೆಲ್ಲ ಯಾಕೆ ಇವಳಿಗೆ ಅಂದ, ಗುಬ್ಬಿ ಅವನ ಹಿಂದೆ ನಡೆಯಿತು, ಬಾಲ ಹೊಟ್ಟೆಯಡಿಗೆ ಸೇರಿಸಿಕೊಂಡು, ಒಮ್ಮೆ ತಿರುಗಿ ನೋಡಿತು.

ಓಡಿದೆ, ಚಪ್ಪಲಿ ಇಲ್ಲ, ಬಿಸಿ ಟಾರು, ಅವನು ಕಾರಿನ ಮುಂದಿನ ಬಾಗಿಲು ತೆಗೆದು, ಕೈ ಆಸರೆ ಕೊಟ್ಟು ಅದನ್ನು ಹತ್ತಿಸಿದ, ಸೀಟ್ ಬೆಲ್ಟ್ ಎಳೆದು ಹಾಕಿದ, ಬಾಗಿಲ ಹಿಡಿ ಜಗ್ಗಿದೆ, ಜಗ್ಗಿದೆ, ಬೀಗ ಬಿದ್ದಿದೆ, ಗಾಜು ತಟ್ಟಿದೆ, ಯಾರಿಗೆ ದೂರು ಕೊಡಲಿ, ಅವನ ನಾಯಿ ಅವನು ಕರೆದೊಯ್ದ ಅಂತಲೇ, ಅಕ್ಕ ಎಲ್ಲೋ ಉಸಿರಾಡುತ್ತಿದ್ದಾಳೆ, ಅವಳಿಗೆ ಗೊತ್ತಾದರೆ ತಿರುಗಿ ಬಂದಾಳು, ಹೇಳಕೂಡದು, ಅವಳ ಜಾಗದಲ್ಲಿ ಇದನ್ನು ಕೂರಿಸಿದ್ದು ಈ ಕೈ, ಈ ನನ್ನ ಕೈ. ಒಳಗೆ ಭಾವ ಏನೋ ಕೇಳುತ್ತಿದ್ದಾನೆ, ಬೆರಳೆತ್ತಿದ್ದಾನೆ, ಕೇಳಿ ಉತ್ತರಕ್ಕೆ ಕಾಯುತ್ತಿದ್ದಾನೆ, ಗುಬ್ಬಿ ತಲೆ ತಗ್ಗಿಸಿ ಕೂತಿದೆ, ಬಿಳಿ ಎದೆಗೆ ಅಡ್ಡವಾಗಿ ಕಪ್ಪು ಪಟ್ಟಿ, ಕಾರು ಹೊರಟಿತು, ಬಿಳಿ ಎದೆಗೆ ಅಡ್ಡವಾಗಿ ಕಪ್ಪು ಪಟ್ಟಿ, ತಿರುವಿನಲ್ಲಿ ಕಾರೂ ಇಲ್ಲ, ಬಿಳಿ ಎದೆ, ಕಪ್ಪು ಪಟ್ಟಿ