ಕೈವಾರ ಊರಿದ ಗುರುತು

ಗಾಳಿ ಮತ್ತೆ ಒದ್ದಿತು. ಕಡ್ಡಿ ಎಡಗೈಯಲ್ಲಿ ಕಿಟಕಿಯನ್ನು ಎಳೆದು ಹಿಡಿದ. ಅದರ ಚಿಲಕ ಮುರಿದು ಯಾವ ಕಾಲವಾಯಿತೋ, ಆ ಮೂಲೆಯಲ್ಲಿ ಕೂತವನೇ ಅದಕ್ಕೆ ಚಿಲಕವಾಗಬೇಕು ಎಂಬುದು ತರಗತಿಯ ಕಾನೂನು. ಬಲಗೈಯಲ್ಲಿ ಪೆನ್ನು. ಎರಡು ಮಂಡಿಗಳ ನಡುವೆ, ಪ್ಲಾಸ್ಟಿಕ್ ಚೀಲ ಸುತ್ತಿದ ಡ್ರಾಯಿಂಗ್ ಹಾಳೆಯ ಸುರುಳಿ. ಮೈಮೇಲೆ ಮಾಂಸವಿಲ್ಲದ್ದಕ್ಕೆ ಕಾಲೇಜು ಇಟ್ಟ ಹೆಸರು ಕಡ್ಡಿ. ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಹೊರಗೆ ಬರುತ್ತಿತ್ತು. ಆಗ ಅವನಿಗೇ ಒಂದು ಗಳಿಗೆ ಅದು ಯಾರದೋ ಅನ್ನಿಸುತ್ತಿತ್ತು.

ತಗಡಿನ ಮಾಡಿನ ಮೇಲೆ ಮಳೆ ಜಲ್ಲಿ ಸುರಿದ ಹಾಗೆ ಸುರಿಯುತ್ತಿತ್ತು. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಗಣಿತದ ಮೇಡಂ ಬಾಯಿ ಆಡುತ್ತಿತ್ತೇ ಹೊರತು ಮಾತು ಮೂರನೇ ಬೆಂಚು ದಾಟುತ್ತಿರಲಿಲ್ಲ.

"ಹಿಂದಿನೋರಿಗೆ ಕೇಳಿಸ್ತಿದೆಯಾ?" ಎಂದರು ಮೇಡಂ.

"ಇಲ್ಲ ಮೇಡಂ," ಎಂದರು ಹಿಂದಿನವರು. ಅದು ಮೇಡಂಗೆ ಕೇಳಿಸಲಿಲ್ಲ. ಪಾಠ ಮುಂದುವರಿಯಿತು.

"ಕಾಲು ಅಲ್ಲಾಡಿಸ್ಬೇಡ್ವೋ ಮಾರಾಯ, ಬೆಂಚು ನಡುಗ್ತಿದೆ," ಎಂದ ಪಕ್ಕದಲ್ಲಿದ್ದ ಡುಮ್ಮ.

"ನಡುಗಲಿ ಬಿಡು. ಇಷ್ಟು ಭಾರ ಹೊತ್ತು ಅದಕ್ಕೂ ಸಾಕಾಗಿದೆ."

ಡುಮ್ಮ ನಕ್ಕ. ಕಡ್ಡಿಗೆ ನಗು ಬರಲಿಲ್ಲ. ಮುಂದಿನ ಪಾಠ ಡ್ರಾಯಿಂಗು. ಹಾಳೆಗೆ ಮೇಷ್ಟ್ರ ಸಹಿ ಬೀಳುವುದಕ್ಕೆ ಇವತ್ತೇ ಕೊನೆ. ಸಹಿ ಇಲ್ಲದವನಿಗೆ ಪರೀಕ್ಷೆ ಇಲ್ಲ. ಹೋದ ವರ್ಷ ಕಾಮಾಲೆ ಹಿಡಿದು ಅವನ ಒಂದು ವರ್ಷ ಹಾಸಿಗೆಯಲ್ಲೇ ಕಳೆದಿತ್ತು. ಮೊನ್ನೆ ಅಪ್ಪ ಊಟಕ್ಕೆ ಕೂತಾಗ, "ಈ ಸಲವೂ ಆಗ್ಲಿಲ್ಲ ಅಂದ್ರೆ ಬಿಡು. ಮಾವನ ಟೈರ್ ಅಂಗಡೀಲಿ ಒಬ್ಬ ಬೇಕಂತೆ," ಎಂದಿದ್ದರು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಹೊರಗೆ ಮೋಡವಾಗಿದೆ ಅನ್ನುವ ಹಾಗೆ ಹೇಳಿದ್ದರು ಅಪ್ಪ.

ಹಾಳೆಯೇನೋ ಮುಗಿದಿತ್ತು. ಅದು ಮುಗಿದ ರೀತಿ ಅವನಿಗೂ ಅವನ ಅಕ್ಕನಿಗೂ ಮಾತ್ರ ಗೊತ್ತು. ಅವನ ಕೈವಾರದ ತಿರುಪನ್ನು ಹೋದ ತಿಂಗಳು ಇದೇ ಡುಮ್ಮ ಕಳೆದಿದ್ದ. ಅಂದಿನಿಂದ ಆ ಕೈವಾರ ಅರ್ಧ ಸುತ್ತು ಹೋಗುವಷ್ಟರಲ್ಲಿ ಕಾಲು ಅಗಲಿಸುತ್ತಿತ್ತು. ಹೊರಟ ಜಾಗಕ್ಕೆ ಗೆರೆ ಮರಳಿ ಬರುತ್ತಿರಲಿಲ್ಲ. ಬರೆಯಬೇಕಾದದ್ದು ಎರಡು ಕೊಳವೆಗಳನ್ನು ಜೋಡಿಸುವ ಕಬ್ಬಿಣದ ಬಿಲ್ಲೆ. ಅದರ ತುಂಬ ವೃತ್ತಗಳೇ. ಭಾನುವಾರವಿಡೀ ಅಕ್ಕ ಮನೆಯಲ್ಲಿದ್ದ ದುಂಡನೆಯ ವಸ್ತುಗಳನ್ನೆಲ್ಲ ತಂದು ಸುರಿದಳು. ನೋವಿನ ಮುಲಾಮಿನ ಡಬ್ಬಿ, ಪೌಡರ್ ಡಬ್ಬಿ, ಕೆಮ್ಮಿನ ಔಷಧಿಯ ಮುಚ್ಚಳ. ಬೋಲ್ಟಿನ ತೂತುಗಳಿಗೆ ಅಂಗಿಯ ಗುಂಡಿ. ಕಡ್ಡಿ ಪ್ರತಿಯೊಂದನ್ನೂ ಅಳೆದು, ಅಂಚಿನಲ್ಲಿ ನಾಲ್ಕು ಕಡೆ ಗುರುತು ಹಾಕಿ, ಅಡ್ಡಗೆರೆ ಉದ್ದಗೆರೆಗೆ ಕೂರಿಸಿ, ಸುತ್ತ ಪೆನ್ಸಿಲ್ ಎಳೆದಿದ್ದ. ಪೌಡರ್ ಡಬ್ಬಿ ಅಳತೆಗಿಂತ ಕೂದಲೆಳೆಯಷ್ಟು ದೊಡ್ಡದಿತ್ತು. ಅದರ ಅಂಚನ್ನು ಅಂಗಳದ ಸಿಮೆಂಟಿನ ಮೇಲೆ ಉಜ್ಜಿ ಉಜ್ಜಿ ದಾರಿಗೆ ತಂದಿದ್ದ. "ಪೌಡರಿಗೂ ಇಂಜಿನಿಯರಿಂಗಿಗೂ ನಂಟು ಕಟ್ಟಿಬಿಟ್ಟೆಯಲ್ಲೋ," ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಗಂಟೆ ಹೊಡೆಯಿತು. ಹಾಳೆಯ ಸುರುಳಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಎಲ್ಲರೂ ಅಂಗಳ ದಾಟಿ ಡ್ರಾಯಿಂಗ್ ಹಾಲಿಗೆ ಓಡಿದರು.

ಡ್ರಾಯಿಂಗ್ ಮೇಷ್ಟ್ರಿಗೆ ನೆಗಡಿ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದರು. ಒಬ್ಬೊಬ್ಬರ ಹಾಳೆಯನ್ನೂ ಇಸಿದುಕೊಂಡು, ಎರಡು ಕೈಯಲ್ಲಿ ಬಿಡಿಸಿ, ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿದ್ದರು. ಅವರು ಚಿತ್ರ ನೋಡುತ್ತಿರಲಿಲ್ಲ, ಹುಡುಕುತ್ತಿದ್ದದ್ದು ತೂತು. ಬೇರೆಯವನ ಹಾಳೆಯನ್ನು ಗಾಜಿನ ಮೇಲಿಟ್ಟು, ಕೆಳಗೊಂದು ಬಲ್ಬು ಹಚ್ಚಿ, ಮೇಲೆ ಖಾಲಿ ಹಾಳೆ ಹಾಸಿ ಗೆರೆ ನಕಲಿಳಿಸುವುದಕ್ಕೆ ಹುಡುಗರು 'ಗಾಜು ಹೊಡೆಯೋದು' ಅನ್ನುತ್ತಿದ್ದರು. ಹಾಗೆ ಕದ್ದ ವೃತ್ತಕ್ಕೆ ಕೈವಾರ ಬೇಕಿಲ್ಲ. ಕೈವಾರ ಊರದ ಕಡೆ ಅದರ ಮುಳ್ಳಿನ ತೂತು ಇರುವುದಿಲ್ಲ. ಕಳ್ಳನನ್ನು ಹಿಡಿಯಲು ಮೇಷ್ಟ್ರು ಕಂಡುಕೊಂಡ ಉಪಾಯ ಇದು.

ಡುಮ್ಮನ ಹಾಳೆ ಮೇಲೇರಿತು. ವೃತ್ತದ ನಟ್ಟನಡುವೆ ಬೆಳಕಿನ ಚುಕ್ಕಿ.

"ನೋಡ್ರೋ," ಎಂದು ಮೇಷ್ಟ್ರು ಎಲ್ಲರ ಕಡೆ ತಿರುಗಿಸಿದರು. "ಕೈವಾರ ಊರಿದ ಗುರುತು ಅಂದ್ರೆ ಇದು. ಕಷ್ಟಪಟ್ಟಿದಾನೆ." ಸಹಿ ಬಿತ್ತು.

ಮುಂದಿನದು ಕಡ್ಡಿಯದು. ಮೇಷ್ಟ್ರು ಎತ್ತಿ ಹಿಡಿದರು, ಇಳಿಸಿದರು, ಮತ್ತೆ ಎತ್ತಿದರು. ತನ್ನ ಹಾಳೆಯಲ್ಲಿ ತೂತೇ ಇಲ್ಲ ಎಂಬುದು ಕಡ್ಡಿಗೆ ಆಗಷ್ಟೇ ಹೊಳೆಯಿತು.

"ಯಾರ ಹಾಳೆ ಇಟ್ಟು ಗಾಜು ಹೊಡೆದ್ಯಪ್ಪಾ?"

"ನಾನೇ ಬರೆದದ್ದು ಸಾರ್. ಕೈವಾರ ಕೆಟ್ಟಿತ್ತು. ಮುಚ್ಚಳ ಇಟ್ಟು ಬರೆದೆ."

"ಯಾವ ಮುಚ್ಚಳ?"

"ಪೌಡರ್ ಡಬ್ಬೀದು ಸಾರ್. ಇನ್ನೊಂದು ಔಷಧಿ ಬಾಟ್ಲಿದು."

ಹಾಲಿಗೆ ಹಾಲೇ ನಕ್ಕಿತು. ಮೇಷ್ಟ್ರು ಮೂಗೊರೆಸಿಕೊಂಡರು. "ಮುಚ್ಚಳದಲ್ಲಿ ಬರೆದೋರಿಗೆ ಡಿಪ್ಲೊಮಾ ಕೊಡೋದು ಅಡುಗೆಮನೇಲಿ, ಇಲ್ಲಲ್ಲ. ಹೇಳೋ ಸುಳ್ಳಿಗಾದ್ರೂ ಒಂದು ಅಂದ ಬೇಡ್ವಾ? ನಾನು ಮನೆಗೆ ಹೊರಡೋದ್ರೊಳಗೆ ಕೈವಾರದಲ್ಲಿ ಬರ್ಕೊಂಡು ಬಾ. ಸ್ಟಾಫ್ ರೂಮಲ್ಲಿರ್ತೀನಿ. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ."

"ಸಾರ್, ಅಳತೆ ಹಾಕಿ ನೋಡಿ ಸಾರ್—"

"ಮುಂದಿನೋರು ಬನ್ನಿ."

ಕಾಲೇಜಿನೊಳಗಿನ ಅಂಗಡಿಯವನು ಮಳೆಗೆ ಬಾಗಿಲು ಹಾಕಿಕೊಂಡು ಹೋಗಿದ್ದ. ಹೊಸ ಹಾಳೆ ಎಲ್ಲೂ ಇರಲಿಲ್ಲ. ಕಡ್ಡಿ ಲೈಬ್ರರಿಗೆ ಹೋದ, ಗೇಟಿನವರೆಗೆ ಹೋದ, ರಸ್ತೆಯಲ್ಲಿ ಹರಿಯುತ್ತಿದ್ದ ಕೆಂಪು ನೀರನ್ನು ನೋಡಿದ, ತಿರುಗಿ ಬಂದ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೂಟಿನೊಳಗೆ ನೀರು ಪಿಚಕ್ ಪಿಚಕ್ ಅನ್ನುತ್ತಿತ್ತು. ಡ್ರಾಯಿಂಗ್ ಹಾಲು ಖಾಲಿಯಾಗಿತ್ತು. ಡುಮ್ಮ ಒಬ್ಬನೇ ಒಂದು ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ತಗೋ, ನನ್ನ ಕೈವಾರ," ಎಂದು ಚಾಚಿದ. "ಹಳೇ ಗೆರೆ ಉಜ್ಜಿ ಅದರ ಮೇಲೇ ಬರಿ."

ಕಡ್ಡಿ ಇಸಿದುಕೊಂಡ. ಕೈವಾರದ ಕಾಲುಗಳಿಗೆ ಅಂಗಡಿಯ ಎಣ್ಣೆ ಇನ್ನೂ ಅಂಟಿತ್ತು. ಸೀಸದ ತುದಿ ಒಮ್ಮೆಯೂ ಹಾಳೆ ಮುಟ್ಟಿರಲಿಲ್ಲ. ಅವನು ಅದನ್ನು ತಿರುಗಿಸಿ ನೋಡಿದ, ಡುಮ್ಮನನ್ನು ನೋಡಿದ.

"ಇದರಲ್ಲಿ ನೀನು ಏನೂ ಬರ್ದಿಲ್ಲ."

"ಅದು—"

"ನಿನ್ನ ಹಾಳೇಲಿ ತೂತಿತ್ತು. ನಾನೇ ನೋಡಿದೆ."

"ಗುಂಡುಸೂಜೀದು," ಎಂದ ಡುಮ್ಮ ಮೆಲ್ಲಗೆ. "ಗಾಜು ಹೊಡೆದಾದ್ಮೇಲೆ ಚುಚ್ಚೋದು. ಸೀನಿಯರ್‌ಗಳೆಲ್ಲ ಹಂಗೇ ಮಾಡೋದಲ್ವಾ. ನಿಂಗೆ ಗೊತ್ತಿರ್ಲಿಲ್ವಾ?"

"ಯಾರ ಹಾಳೆ ಇಟ್ಟು?"

ಕೇಳುತ್ತಿದ್ದ ಹಾಗೇ ಕಡ್ಡಿಗೆ ನೆನಪಾಯಿತು. ಸೋಮವಾರ ಅಳತೆ ನೋಡಿ ಕೊಡ್ತೀನಿ ಎಂದು ಡುಮ್ಮನೇ ಅವನ ಹಾಳೆ ಒಯ್ದು, ಮಾರನೇ ದಿನ ತಂದುಕೊಟ್ಟಿದ್ದ. ಹಾಳೆ ಒಂಚೂರೂ ಸುಕ್ಕಾಗಿಲ್ಲವಲ್ಲ ಎಂದು ಕಡ್ಡಿಗೆ ಆಗ ಸಂತೋಷವಾಗಿತ್ತು.

ಅವನ ಕೈ ಡುಮ್ಮನ ಕಾಲರಿಗೆ ಹೋಯಿತು. ಡುಮ್ಮ ಬಿಡಿಸಿಕೊಳ್ಳಲಿಲ್ಲ, ಕಣ್ಣು ಮುಚ್ಚಿ, ಬೀಳಲಿರುವ ಏಟಿಗೆ ಮುಖ ಒಡ್ಡಿದ. ಅದೇ ಕಡ್ಡಿಯನ್ನು ಇನ್ನಷ್ಟು ಉರಿಸಿತು. ಕಾಲರು ಬಿಟ್ಟು ದಡದಡ ಜಗಲಿಗೆ ನಡೆದ. ಸ್ಟಾಫ್ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಷ್ಟ್ರು ಒದ್ದೆ ಕಾಲುಚೀಲ ಬಿಚ್ಚಿ ಕುರ್ಚಿಯ ಬೆನ್ನಿಗೆ ಹರವಿ, ಗಣಿತದ ಮೇಡಂಗೆ ಏನೋ ಹೇಳುತ್ತಿದ್ದರು. "ಪೌಡರ್ ಡಬ್ಬಿ ಮುಚ್ಚಳ ಅಂತೆ ಮೇಡಂ," ಎಂಬುದಷ್ಟೇ ಹೊರಗೆ ಬಂತು. ಮೇಡಂ ನಗುತ್ತಿದ್ದರು.

ಒಳಗೆ ಹೋಗಿ ಹೇಳಬಹುದಿತ್ತು. ಹೇಳಿದರೆ ಡುಮ್ಮನ ಸಹಿ ಹೋಗುತ್ತಿತ್ತು. ಹಾಗೆಂದು ಇವನ ಹಾಳೆಯಲ್ಲಿ ತೂತು ಹುಟ್ಟುತ್ತಿರಲಿಲ್ಲ. ಕಡ್ಡಿ ಬಾಗಿಲ ಬಳಿ ನಿಂತ, ಕೈ ಎತ್ತಿದ, ಇಳಿಸಿದ. ಹಾಲಿಗೆ ಮರಳಿದಾಗ ಡುಮ್ಮ ಕೂತಲ್ಲೇ ಇದ್ದ.

"ಹೇಳಿದ್ಯಾ?"

"ಕೊಡು."

"ಏನು?"

"ಗುಂಡುಸೂಜಿ."

ಡುಮ್ಮ ಅಂಗಿಯ ಜೇಬಿನ ಅಂಚಿನಿಂದ ಅದನ್ನು ಕಿತ್ತುಕೊಟ್ಟ. ಕಡ್ಡಿ ಹಾಳೆಯನ್ನು ಬೋರ್ಡಿನ ಮೇಲೆ ಹಾಸಿದ. ಭಾನುವಾರ ಉಸಿರು ಬಿಗಿಹಿಡಿದು ಎಳೆದ ಗೆರೆಗಳು ಮಬ್ಬು ಬೆಳಕಿನಲ್ಲೂ ತೆಳ್ಳಗೆ ಹೊಳೆಯುತ್ತಿದ್ದವು. ಎರಡು ಗೆರೆ ಕೂಡುವಲ್ಲಿ ಸೂಜಿ ಇಟ್ಟ. ಒತ್ತಲು ಕೈ ಬರಲಿಲ್ಲ.

"ಪೂರ್ತಿ ಇಳಿಸ್ಬೇಡ," ಎಂದ ಡುಮ್ಮ. "ಚುಚ್ಚಿ ಸ್ವಲ್ಪ ತಿರುಗಿಸು. ಕೈವಾರ ತಿರುಗಿದ ಹಾಗೆ."

"ಗುರುಗಳು ಪಾಠ ಚೆನ್ನಾಗಿ ಮಾಡ್ತೀರಿ."

"ಬೈಯಿ. ಆದ್ರೆ ತಿರುಗಿಸು."

ಕಡ್ಡಿ ಒತ್ತಿದ. ಹಾಳೆ ಚಿಟ್ ಎಂದಿತು. ಮುಂದಿನದಕ್ಕೆ ಹೋದ, ಅದರ ಮುಂದಿನದಕ್ಕೆ ಹೋದ. ಬೋಲ್ಟಿನ ತೂತುಗಳ ಹೊತ್ತಿಗೆ ಕೈ ಪಳಗಿತ್ತು, ಅದು ಅವನಿಗೆ ಹಿಡಿಸಲಿಲ್ಲ. ಆಮೇಲೆ ಇಬ್ಬರೂ ಹಾಲಿನಲ್ಲೇ ಕಾದರು. ಹೊಸದಾಗಿ ಬರೆಯಲು ಹಿಡಿಯುವಷ್ಟು ಹೊತ್ತು ಕಳೆಯಬೇಕಿತ್ತಲ್ಲ. ಕಡ್ಡಿ ಕೂತ, ಎದ್ದ, ಸಾಲು ಸಾಲು ಮೇಜುಗಳ ನಡುವೆ ಅಡ್ಡಾಡಿದ. ಎಲ್ಲೋ ಮುಂದಿನ ಪಾಠದ ಹಾಜರಿ ಕೂಗುತ್ತಿದ್ದರು. ಅವನ ಹೆಸರನ್ನೂ ಕೂಗಿರಬೇಕು.

ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಹಾಳೆಯನ್ನು ಕಿಟಕಿಗೆ ಎತ್ತಿದರು. ಚುಕ್ಕಿ ಚುಕ್ಕಿಯಾಗಿ ಬೆಳಕು ಬಂತು. ಅವರ ಮುಖ ಸಡಿಲವಾಯಿತು.

"ನೋಡಿದ್ಯಾ? ಕೈಯಲ್ಲಿ ಆಗುತ್ತೆ. ಆದ್ರೆ ಕಳ್ಳಬುದ್ಧಿ ಬಿಡಲ್ಲ ನೀವು." ಮೇಡಂ ಕಡೆ ತಿರುಗಿದರು. "ಉಗಿದ್ರೆ ಬರೀತಾರೆ ಮೇಡಂ. ಇದೇ ಹುಡುಗನದು, ಆಗ ತಂದಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ."

ಮೇಡಂ ಬಗ್ಗಿ ನೋಡಿ, "ಹೌದು, ಗೆರೆ ಚೆನ್ನಾಗಿದೆ," ಎಂದರು.

ಸಹಿ ಬಿತ್ತು. ಮೇಷ್ಟ್ರು ಹಾಳೆಯನ್ನು ಕಟ್ಟಿನ ಮೇಲೆ, ಡುಮ್ಮನ ಹಾಳೆಯ ಬೆನ್ನಿಗೆ ಸರಿಯಾಗಿ ಕೂರುವಂತೆ ತಟ್ಟಿ ಇಟ್ಟರು. ಕಡ್ಡಿ ನಿಂತೇ ಇದ್ದ.

"ಇನ್ನೇನಪ್ಪಾ?"

"ಏನಿಲ್ಲ ಸಾರ್."

"ಥ್ಯಾಂಕ್ಸ್ ಅನ್ನೋದು ಮುಚ್ಚಳದಲ್ಲೇ ಉಳೀತಾ?"

"ಥ್ಯಾಂಕ್ಸ್ ಸಾರ್."

ಮೆಟ್ಟಿಲ ಬಳಿ ಡುಮ್ಮ ಕೊಡೆ ಬಿಚ್ಚಿಕೊಂಡು ಕಾಯುತ್ತಿದ್ದ. "ಆಯ್ತಾ?" ಎಂದ. ಕಡ್ಡಿ ಅವನ ಪಕ್ಕದಿಂದಲೇ ಹಾದು ಮಳೆಗೆ ಇಳಿದ. "ಏ, ನಿಲ್ಲೋ, ಮತ್ತೆ ಕಾಯಿಲೆ ಬರ್ಸ್ಕೊಂಡೀಯ," ಎನ್ನುತ್ತ ಡುಮ್ಮ ಹಿಂದೆ ಬಂದ. ಕಡ್ಡಿ ಹೆಜ್ಜೆ ಬೀಸಿದ. ಡುಮ್ಮ ಏದುಸಿರು ಬಿಡುತ್ತ, ತೋಳನ್ನು ಆದಷ್ಟೂ ಉದ್ದಕ್ಕೆ ಚಾಚಿ, ಕೊಡೆಯನ್ನು ಅವನ ತಲೆಯ ಮೇಲಕ್ಕೆ ತರಲು ಓಡುತ್ತಿದ್ದ. ಗೇಟು ದಾಟುವವರೆಗೂ ಕೊಡೆ ಇಬ್ಬರ ನಡುವೆಯೇ ಇತ್ತು, ಯಾರ ಮೇಲೂ ಇಲ್ಲದೆ, ಬರೀ ನೀರು ಹರಿಯುವ ನೆಲಕ್ಕೆ ನೆರಳು ಹಿಡಿದು.